ಉಡಿಗೆ ಬಿದ್ದದ್ದು

ಇಷ್ಟು ಬೆಳ್ಳಗಿನ ಮೋಡ ಎಲ್ಲಿಯೂ ಇರುವುದಿಲ್ಲ, ಇಷ್ಟು ಬೆಳ್ಳಗಿನ ಹತ್ತಿಯೂ ಆದೋನಿ ಮಾರ್ಕೆಟ್ಟಿಗೆ ಯಾವ ಸುಗ್ಗಿಯಲ್ಲೂ ಬಂದದ್ದಿಲ್ಲ, ಛಾವಣಿಗೆ ಅಂಟಿಸಿದ ಆಕಾಶದ ಚಿತ್ರವನ್ನು ಅಂಗಾತ ಮಲಗಿ ನೋಡುತ್ತಿದ್ದ ಕೊಟ್ರಮ್ಮನಿಗೆ ಮೊದಲು ಹೊಳೆದದ್ದು ಅದು, ಹತ್ತಿ ವ್ಯಾಪಾರಿಯ ಹೆಂಡತಿಯ ಕಣ್ಣು, ದೇವರ ಬತ್ತಿ ಹೊಸೆಯುವಾಗಲೂ ಎಳೆ ಜಗ್ಗಿ ಉದ್ದ ನೋಡುವ ಕಣ್ಣು, ಇಲ್ಲಿಯೂ ಸುಮ್ಮನಿರಲಿಲ್ಲ, ಮೋಡದ ಒಂದು ಮೂಲೆ ಅಂಟು ಬಿಟ್ಟು ಸುರುಳಿಯಾಗಿದೆ, ಸಂದಿಯಲ್ಲಿ ಸಿಮೆಂಟು ಕಾಣುತ್ತದೆ, ಹೆದರಿದವರಿಗೆ ನೋಡಲು ಏನಾದರೂ ಇರಲಿ ಎಂದು ಹಾಕಿಸಿರಬೇಕು, ಯಾರೋ ಪುಣ್ಯಾತ್ಮರು, ಅವರ ಹೊಟ್ಟೆ ತಣ್ಣಗಿರಲಿ — ಬೆನ್ನ ಕೆಳಗೆ ಹಲಗೆ ಕೊರೆಯುತ್ತಿತ್ತು, ಮೈಮೇಲೆ ಸ್ಕ್ಯಾನಿಂಗ್ ಸೆಂಟರಿನವರು ಕೊಟ್ಟ ಹಸಿರು ಅಂಗಿ, ಕೊರಳು ಬೋಳು, ತಾಳಿ, ಬಳೆ, ಮೂಗುತಿ, ಕಾಲುಂಗುರ ಎಲ್ಲವನ್ನೂ ಕಾರಿನಲ್ಲಿಯೇ ಬಿಚ್ಚಿ ಗಂಡನ ಕರವಸ್ತ್ರದಲ್ಲಿ ಕಟ್ಟಿಕೊಟ್ಟು ಬಂದಿದ್ದಾಳೆ, ಅವು ಹೋದದ್ದು ಮೈಗೆ ಅಷ್ಟು ತಿಳಿಯಲಿಲ್ಲ, ಎದೆಯ ಮೇಲೆ ಲಿಂಗವಿರುವ ಜಾಗ ಮಾತ್ರ ಹಲ್ಲು ಕಿತ್ತ ಒಸಡಿನ ಹಾಗಾಗಿದೆ, ಬೇಡವೆಂದರೂ ಮನಸ್ಸು ನಾಲಿಗೆಯಂತೆ ಅಲ್ಲಿಗೇ ಹೋಗಿ ಹೋಗಿ ತಡವುತ್ತದೆ, ಬುದ್ಧಿ ಬಂದಂದಿನಿಂದ ಆ ಜಾಗ ಖಾಲಿ ಇದ್ದದ್ದಿಲ್ಲ, ಹಾಲೇಶನನ್ನು ಹೆರುವಾಗ ನೋವಿಗೆ ಲಿಂಗದ ಕರಡಿಗೆಯನ್ನೇ ಹಿಡಿದು ಹಿಸುಕಿದ್ದಳು, ಬೆಳ್ಳಿ ಒಂದು ಕಡೆ ತಗ್ಗಿತ್ತು, ಆ ತಗ್ಗು ಈಗಲೂ ಇದೆ, ಮನೆಯಲ್ಲಿ, ದೇವರ ಗೂಡಿನಲ್ಲಿ, ಖಾಲಿ ಕರಡಿಗೆ. ಕದಲಬ್ಯಾಡ್ರಿ ಆಂಟೀ, ಎಂದಳು ಅಮೂಲ್ಯ, ಮಾತಿನ ನಡುವೆ ತೆಲುಗು ಬೆರೆಸುವ, ಈ ಮಷೀನು ನೋಡಿಕೊಳ್ಳುವ ಹುಡುಗಿ, ಎರಡೂ ಕಿವಿಗೆ ಹತ್ತಿ ತುರುಕುತ್ತಾ, ಶಬ್ದ ಚಾಲಾ, ಭಾಳ ಬರ್ತೈತಿ, ಹೆದರಬ್ಯಾಡ್ರಿ, ಈ ಬಲೂನ್ ಬಲಗೈಯಾಗ ಹಿಡ್ಕೊರಿ, ಆಗ್ಲಿಲ್ಲಂದ್ರ ಒತ್ರಿ, ನಾ ಬರ್ತೀನಿ, ಆದ್ರ ಒತ್ತಬ್ಯಾಡ್ರಿ, ಒತ್ತಿದ್ರ ಮತ್ತ ಮೊದಲಿಂದ. ಎಷ್ಟೊತ್ತವ್ವ. ಕುಕ್ಕರಿನಾಗ ಬ್ಯಾಳಿ ಬೇಯೋವಷ್ಟು. ನಮ್ಮ ಹೊಲದ ತೊಗರಿ ಬ್ಯಾಳಿ ಜಲ್ದಿ ಬೇಯಂಗಿಲ್ಲವ್ವ. ಹುಡುಗಿ ನಕ್ಕಳು, ನಕ್ಕದ್ದು ಹತ್ತಿಯ ಆಚೆಯಿಂದ, ನೀರಿನೊಳಗಿಂದ ಕೇಳಿದಂತೆ ಕೇಳಿಸಿತು.

ಹಲಗೆ ಜರುಗಿತು, ತಲೆ ಮೊದಲು, ಆಕಾಶ ಹಿಂದಕ್ಕೆ ಹೋಯಿತು, ಸುರುಳಿಯಾದ ಮೋಡದ ಮೂಲೆ ಹೋಯಿತು, ಮುಖದ ಮೇಲೆ ಜಾಲರಿಯಂಥ ಚೌಕಟ್ಟು, ಅದರ ಮೇಲೆ ಕೈ ಎತ್ತಿದರೆ ತಾಗುವಷ್ಟು ಹತ್ತಿರ ಬಿಳಿಯ ಗೋಡೆ ಬಾಗಿ ನಿಂತಿತು, ಕೊಳವೆ, ಹೋದ ವಾರ ಇಲ್ಲಿಯ ತನಕ ಬರಲೇ ಇಲ್ಲವಲ್ಲ, ಕೊಳವೆಯ ಬಾಯಿಯ ಹತ್ತಿರವೇ ಸಿಕ್ಕಿಬಿದ್ದಿದ್ದಳು. ಲೋಹದ ವಸ್ತು ಏನೂ ಇರಬಾರದು ಎಂದಿದ್ದರು, ಆಯಿತು, ಬೆಳ್ಳಿ ಕರಡಿಗೆ ಮನೆಯಲ್ಲಿ ಬಿಟ್ಟು, ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ತುರುಬಿನೊಳಗೆ ಇಟ್ಟು, ಮೇಲೆ ಕೂದಲು ಸುತ್ತಿ ರಬ್ಬರು ಹಾಕಿಕೊಂಡು ಬಂದಿದ್ದಳು, ಕಲ್ಲಿಗೆ ಯಾರ ಅಡ್ಡಿ, ತಲೆಯ ಮೇಲೆ ದೇವರನ್ನು ಹೊತ್ತವರಿಗೆ ಯಾವ ಮಷೀನಿನ ಭಯ, ಅದು ಅವಳ ಲೆಕ್ಕ, ಆದರೆ ಚೌಕಟ್ಟು ಕೂರಲಿಲ್ಲ, ಅಮೂಲ್ಯಳ ಬೆರಳು ಗಂಟನ್ನು ಹಿಡಿಯಿತು, ಏನ್ರಿ ಆಂಟಿ ಇದು, ತುರುಬವ್ವ, ತುರುಬು ಇಷ್ಟು ಗಟ್ಟಿ ಇರ್ತೈತೇನ್ರಿ, ನಮ್ಮ ಮನೆತನದಾಗ ಎಲ್ಲಾರದೂ ಹಿಂಗ, ಬಿಚ್ರಿ ನೋಡೋಣ, ಬ್ಯಾಡವ್ವ, ದೇವರು ಅದಾನ. ದೇವುಡಾ, ಜಡಲೋನಾ, ದೇವರು ಜಡೆಯೊಳಗಾ, ಎಂದು ಹುಡುಗಿ ತೆಲುಗಿಗೆ ಹೊರಳಿ ಬಾಯಿ ಮುಚ್ಚಿಕೊಂಡಿದ್ದಳು, ನಗಬಾರದೆಂದು ಕಣ್ಣಲ್ಲಿ ನೀರು ಬರಿಸಿಕೊಂಡಿದ್ದಳು, ಕಲ್ಲಾದ್ರೂ ಒಳಗ ಬಿಡಂಗಿಲ್ರಿ, ನನ್ನ ನೌಕರಿ ಹೋಗ್ತೈತಿ. ಕೊಟ್ರಮ್ಮ ಎದ್ದು ಸೀರೆ ಉಟ್ಟುಕೊಂಡು ಹೊರಗೆ ಬಂದುಬಿಟ್ಟಿದ್ದಳು, ಮಷೀನು ಕೆಟ್ಟೈತಂತ ನಡೀರಿ, ಗಂಡ ಗುರುಪಾದಯ್ಯ, ಒಂದು ಹಿಡಿ ಹತ್ತಿ ಅಮುಕಿ ಅದರೊಳಗೆ ನೀರೆಷ್ಟಿದೆ ಎಂದು ಹೇಳುವ ಮನುಷ್ಯ, ಅವಳ ಮುಖ ನೋಡಿ ಕಾರು ತೆಗೆದ, ಊರ ದಾರಿ ಹಿಡಿದ ಮೇಲೆ ಮೆಲ್ಲಗೆ, ಮುಂದಿನ ವಾರ ನಾ ಬಾಗಿಲಾಗ ನಿಂದರ್ತೀನಿ, ನನ್ನ ಕೊರಳಾಗ ನಂದು ಐತಿ, ನಿಂದೂ ಅದರ ಬಾಜೂಕ ಇರ್ಲಿ, ನೀ ಬರೂತನ ಇಬ್ರೂ ಮಾತಾಡ್ಕೊಂತ ಕುಂದರ್ತಾರ, ಎಂದಿದ್ದ, ಎಂಥ ಮಾತು ಆಡಿದನಲ್ಲ, ಈ ಮನುಷ್ಯನ ಬಾಯಲ್ಲಿ ಇಂಥದ್ದು ಅಪರೂಪಕ್ಕೆ ಬರುತ್ತದೆ, ಬಂದರೆ ವರ್ಷಕ್ಕೆ ಸಾಕಾಗುತ್ತದೆ.

ಆದರೆ ಇವತ್ತು ಅವನು ಕಾರು ನಿಲ್ಲಿಸಲು ಜಾಗ ಹುಡುಕಿ ಹೋದವನು ಬರಲಿಲ್ಲ, ತನಗಿಂತ ಮೊದಲಿನ ಸರದಿಯವರು ಹೆದರಿ ಎದ್ದು ಹೋದರಂತೆ, ನೆಕ್ಸ್ಟ್ ಕೊಟ್ರಮ್ಮಾ ಎಂದು ಕೂಗಿಯೇ ಬಿಟ್ಟರು, ಮೇಲಿನ ಮಹಡಿಯಲ್ಲಿ ಜೊತೆಗಿದ್ದವಳು ದಸ್ತಗಿರಮ್ಮ ಒಬ್ಬಳೇ, ಪೆದ್ದಹರಿವಾಣದ ಇವರ ಹೊಲದಲ್ಲಿ ಹತ್ತಿ ಬಿಡಿಸುವವಳು, ಕೊಟ್ರಮ್ಮನ ಎಡಗೈ ಸೋತ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯಲೂ ನಿಂತವಳು. ಹಿಡಿ ದಸ್ತಗಿರೀ, ಅವರು ಬರೂತನ. ದಸ್ತಗಿರಮ್ಮ ಸರಿದು ಗೋಡೆಗೆ ಅಂಟಿಕೊಂಡಳು, ಅಯ್ಯ ಬ್ಯಾಡ್ರಿ ಅಮ್ಮಾರೆ, ನಿಮ್ಮ ಲಿಂಗಪ್ಪನ್ನ ನಾ ಹೆಂಗ ಮುಟ್ಲಿ, ನಿನ್ನೆ ಮಗಳ ಮನಿಯಾಗ ಕೋಳಿ ತಿಂದೀನ್ರಿ. ತಿಂದದ್ದು ನಿನ್ನ ಬಾಯಿ, ಬಾಯಾಗ ಇಟ್ಕೋ ಅಂದೆನೇನು ನಾ. ಟೈಮ್ ಅವುತೋಂದಿ ಆಂಟೀ, ಎಂದು ಬಾಗಿಲಲ್ಲಿ ಅಮೂಲ್ಯ, ಇನ್ನೂ ನಾಕು ಮಂದಿ ಅದಾರ. ದಸ್ತಗಿರಮ್ಮ ಮೆಟ್ಟಿಲ ಕಡೆ ನೋಡಿದಳು, ಧಣಿ ಬರುವ ಸುಳಿವಿಲ್ಲ, ಕೈಯಿಲೆ ಮುಟ್ಟಂಗಿಲ್ಲ ನಾ, ಹೊಡದ್ರೂ ಮುಟ್ಟಂಗಿಲ್ಲ, ಉಡಿಯಾಗ ಹಾಕ್ರಿ, ಎಂದು ಹಳದಿ ಸೆರಗಿನ ಎರಡು ತುದಿ ಹಿಡಿದು ಒಡ್ಡಿದಳು, ಕೊಟ್ರಮ್ಮ ಬಲಗೈಯಿಂದ ಬಿಳಿ ಗಂಟನ್ನು ಅದರೊಳಗೆ ಇಳಿಸಿದಳು, ಬಾಗಿಲು ಮುಚ್ಚಿಕೊಂಡಿತು, ಕೊನೆಗೆ ಕಂಡದ್ದು ಹಳದಿ ಸೆರಗು, ಅದರ ನಡುವೆ ಬಿಳಿ ಗಂಟು, ಒಡೆದ ಹತ್ತಿಕಾಯಿಯಷ್ಟು — ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದಳು, ಯಾರ ಉಡಿ, ಯಾವ ಮಡಿ, ಅತ್ತೆಗೆ ಉತ್ತರ ಕೊಡಲು ಈಗ ಹೊತ್ತಿಲ್ಲ, ಏಕೆಂದರೆ ಶುರುವಾಯಿತು.

ಮೊದಲು ದೂರದಲ್ಲಿ ಯಾರೋ ಮೊಳೆ ಹೊಡೆದಂತೆ, ಆಮೇಲೆ ತಲೆಬುರುಡೆಯ ಒಳಗೇ ಕುಳಿತು ಹೊಡೆದಂತೆ, ಢಕ್ ಢಕ್ ಢಕ್, ನಮಃ ಶಿವಾಯ, ನಮಃ ಶಿ— ಮಂತ್ರ ಅರ್ಧಕ್ಕೆ ತುಂಡಾಯಿತು, ಮತ್ತೆ ಹಿಡಿದಳು, ಮತ್ತೆ ತುಂಡಾಯಿತು, ಈ ಸದ್ದನ್ನು ಎಲ್ಲಿಯೋ ಕೇಳಿದ್ದೇನೆ, ಕಿವಿಯಲ್ಲಿ ಹತ್ತಿ, ಮೇಲೆ ಬಿಳುಪು, ಅಪ್ಪನ ಜಿನ್ನಿಂಗ್ ಮಿಲ್ಲು, ಹೌದು, ಬೀಜ ಬಿಡಿಸುವ ಯಂತ್ರಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವ ಸದ್ದು, ಗೋಡೌನಿನ ತುಂಬ ಛಾವಣಿಯವರೆಗೆ ಬಿಡಿ ಹತ್ತಿ, ಲಂಗ ಎತ್ತಿ ಕಟ್ಟಿಕೊಂಡು ಗೋಡೆಯ ಮೇಲಿಂದ ಜಿಗಿದಿದ್ದಾಳೆ, ಮೆತ್ತಗೆ ಅಂದುಕೊಂಡು ಜಿಗಿದದ್ದು, ಹತ್ತಿ ಮೆತ್ತಗೆ ಬಾಯಿ ತೆರೆದು ನುಂಗಿತು, ಮೊದಲು ಬಿಳಿ, ಆಮೇಲೆ ಕಪ್ಪು, ಮೂಗಿನಲ್ಲಿ ಎಳೆ, ಬಾಯಲ್ಲಿ ಎಳೆ, ಕೂಗಿದರೆ ಕೂಗು ಅಲ್ಲೇ ನಿಲ್ಲುತ್ತದೆ, ಹತ್ತಿ ದನಿಯನ್ನೂ ಕುಡಿಯುತ್ತದೆ ಎಂದು ಅವತ್ತು ಗೊತ್ತಾಯಿತು, ಕಾಲು ಬಡಿದಷ್ಟೂ ಕೆಳಗೆ, ಬಲಗೈ ತಾನಾಗಿ ಕರಡಿಗೆಯನ್ನು ಹಿಡಿದಿತ್ತು, ಎಡಗೈ ಮೇಲೆ ಎಲ್ಲಿಯೋ, ಅದನ್ನೇ ಯಾರೋ ಹಿಡಿದರು, ಕೈ ಸಿಕ್ತವ್ವ ಕೈ ಸಿಕ್ತು, ಬಿಡಬ್ಯಾಡ, ಅಪ್ಪ, ಭೀಮಲಿಂಗಪ್ಪ, ಮಿಲ್ಲಿಗೆಲ್ಲ ಸಿಂಹದಂಥ ಮನುಷ್ಯ, ಅವಳ ಮೂಗಿನಿಂದ ಹತ್ತಿಯ ಎಳೆ ತೆಗೆಯುತ್ತಾ ಕೇಳಿದ್ದ, ಒಳಗ ನಿನ್ನ ಜೋಡಿ ಯಾರಿದ್ರು ಹೇಳು ನೋಡೋಣ, ಯಾರೂ ಇರಲಿಲ್ಲಪ್ಪ, ಒಬ್ಬಾಕೀನೇ ಇದ್ದೆ, ಅಪ್ಪ ಅವಳ ಎದೆಯ ಮೇಲಿನ ಕರಡಿಗೆಯನ್ನು ತಟ್ಟಿ, ಮತ್ತ ಇವಾ ಎಲ್ಲಿಗೆ ಹೋಗಿದ್ದ, ನಿನ್ನ ಜೋಡೀನ ಮುಳುಗಿದ್ನಲ್ಲ, ಅವನ ಮೂಗಿನಾಗೂ ಹತ್ತಿ ಹೋಗಿರ್ತೈತಿ, ನೋಡು, ಎಂದಿದ್ದ, ಅವಳು ನಿಜವೆಂದೇ ತಿಳಿದು ಕರಡಿಗೆ ತೆರೆದು ನೋಡಿದ್ದಳು, ಅಪ್ಪ ನಕ್ಕಿದ್ದ, ಆಮೇಲೆ ಕಂಬದ ಹಿಂದೆ ಹೋಗಿ ಅತ್ತಿದ್ದ.

ಈಗ ಜೊತೆಗೆ ಮುಳುಗುವವನಿಲ್ಲ, ಹೊರಗೆ ಬಿಟ್ಟು ಬಂದಿದ್ದೇನೆ, ಮೇಲೆ ಚಾಚಿದರೆ ಹಿಡಿಯಲು ಆ ಎಡಗೈಯೂ ಇಲ್ಲ, ಹೊಟ್ಟೆಯ ಮೇಲೆ ಯಾರದೋ ಕೈಯ ಹಾಗೆ ಬಿದ್ದಿದೆ, ಕುತ್ತಿಗೆಯಲ್ಲಿ ನರ ಒತ್ತೈತಮ್ಮ, ಒತ್ತಿರೋದು ಎಲುಬೋ ಗಂಟೋ ಸ್ಕ್ಯಾನಿನಾಗ ನೋಡ್ಬೇಕು, ತಡ ಮಾಡಿದ್ರ ಕೈ ವಾಪಸ್ ಬರಂಗಿಲ್ಲ, ಎಂದರು ಡಾಕ್ಟರು, ಗಂಟು ಎಂದರೆ ಎಂಥ ಗಂಟು ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ — ಬಲಗೈಯ ಹೆಬ್ಬೆರಳು ರಬ್ಬರಿನ ಬಲೂನಿನ ಮೇಲೆ ಬಂತು, ಒತ್ತಿದರೆ ಮುಗಿಯಿತು, ಹಲಗೆ ಹೊರಗೆ ಬರುತ್ತದೆ, ಆಕಾಶ ಬರುತ್ತದೆ, ಒತ್ತಿದರೆ ಕೈ ಹೋಗುತ್ತದೆ, ಲಿಂಗಪೂಜೆಯ ಕೈ, ಅವನು ಕೂರುವ ಕೈ. ಹೋದರೆ ಹೋಗಲಿ, ಅವನಿಗೇ ಬೇಡವಾಗಿದೆಯಲ್ಲ ಈ ಕೈ, ಶ್ರಾವಣದ ಆ ಸೋಮವಾರವೇ ಹೇಳಿಬಿಟ್ಟನಲ್ಲ, ಮಣೆಯ ಮೇಲೆ ಕುಳಿತಿದ್ದಳು, ಎಡ ಅಂಗೈಯಲ್ಲಿ ಲಿಂಗ, ಭಸ್ಮ ಹಚ್ಚಿ ಬಿಲ್ವದ ಒಂದು ಎಲೆ ಏರಿಸಿ ಬತ್ತಿ ಸರಿಮಾಡಲು ಆ ಕಡೆ ತಿರುಗಿದ್ದಳು, ತಿರುಗಿ ನೋಡಿದರೆ ಅಂಗೈ ಖಾಲಿ, ಕೈ ವಾಲಿದ್ದೇ ತಿಳಿದಿರಲಿಲ್ಲ, ಜಾರಿದ್ದೂ ತಿಳಿದಿರಲಿಲ್ಲ, ತಿಳಿಯದಂತೆ ಎದ್ದು ಹೋಗಿದ್ದಾನೆ, ಬಲಗೈಯಿಂದ ಗಬಕ್ಕನೆ ಹಿಡಿದು ಎದೆಗೆ ಒತ್ತಿಕೊಂಡವಳು ಎಷ್ಟೋ ಹೊತ್ತು ಕಣ್ಣು ಬಿಡಲಿಲ್ಲ, ಅಜ್ಜಿಯ ಕಥೆಗಳು, ಲಿಂಗ ಜಾರಿಸಿಕೊಂಡವರು ಅನ್ನ ನೀರು ಬಿಟ್ಟು ಕುಳಿತ ಕಥೆಗಳು, ಅಜ್ಜಿ ಅವನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದಳು, ಕೊಬ್ಬರಿ ಚೂರು ಅಗಿಯುತ್ತಾ. ಗಂಡನಿಗೆ ಹೇಳಲಿಲ್ಲ, ಪತ್ತಿಕೊಂಡದಲ್ಲಿ ಮೇಷ್ಟರಾಗಿರುವ ಮಗ ಹಾಲೇಶ ಫೋನು ಮಾಡಿದರೆ ಅವನಿಗೂ ಹೇಳಲಿಲ್ಲ, ಪಂಚಾಕ್ಷರಯ್ಯ, ಮನೆಯ ಗುರು, ಪಾದಪೂಜೆಗೆ ಬಂದಾಗ ಬೇರೆ ಯಾರದೋ ಮಾತಿನಂತೆ ಎತ್ತಿದ್ದಳು, ಹಾಲಹರವಿಯಾಗ ನಮ್ಮ ಬೀಗರಾಕಿ ಒಬ್ಬಾಕಿ ಕೈಯಿಂದ ಲಿಂಗ ಬಿತ್ತಂತ್ರಿ ಅಯ್ನಾರೆ, ಆಕಿ ಏನು ಮಾಡಬೇಕ್ರಿ. ಅಯ್ಯನವರು ಹಾಲಿನ ಲೋಟ ಕೆಳಗಿಟ್ಟು, ಎಲ್ಲಿಗೆ ಬಿತ್ತಂತ, ಎಂದರು. ಗೊತ್ತಿಲ್ರಿ. ಕೇಳಲಿಲ್ಲೇನು. ಇಲ್ರಿ. ಕೇಳವ್ವ, ಎಲ್ಲಿಗೆ ಬಿತ್ತಂತ ಕೇಳು, ಆಮೇಲೆ ಹೇಳ್ತೀನಿ, ಎಂದು ಲೋಟ ಎತ್ತಿ ಹಾಲು ಮುಗಿಸಿ, ಮೀಸೆ ಒರೆಸಿಕೊಂಡು, ನಿಮ್ಮ ಎಮ್ಮಿ ಹಾಲು ಚಲೋ ಐತಿ, ಎಂದು ಹೊರಟೇ ಹೋದರು.

ಸದ್ದು ನಿಂತಿತು, ಒಮ್ಮೆಲೇ, ಬಾವಿಯ ತಳದ ನೀರಿನಂಥ ನಿಶ್ಶಬ್ದ, ಎಲ್ಲಿಂದಲೋ ಅಮೂಲ್ಯಳ ದನಿ, ಸೂಪರ್ ಆಂಟೀ, ಹಂಗ ಇರ್ರಿ, ಇಂಕೊಂಚೆಂ, ಇನ್ನ ಸ್ವಲ್ಪ ಐತಿ, ಕೊಟ್ರಮ್ಮ ಬಲೂನಿನ ಮೇಲಿನ ಹೆಬ್ಬೆರಳನ್ನು ತೆಗೆಯಲೂ ಇಲ್ಲ, ಒತ್ತಲೂ ಇಲ್ಲ, ಆ ನಿಶ್ಶಬ್ದದಲ್ಲಿ ಅಯ್ಯನವರು ಲೋಟ ಕೆಳಗಿಟ್ಟ ಸಪ್ಪಳ ಮತ್ತೆ ಕೇಳಿಸಿತು, ಎಲ್ಲಿಗೆ ಬಿತ್ತಂತ — ನೆಲಕ್ಕೆ ಬಿದ್ದಿದ್ದರೆ ಟಣ್ ಎನ್ನಬೇಕಿತ್ತು, ಪೂಜೆಯ ಕೋಣೆಗೆ ಕಡಪಾ ಕಲ್ಲು ಹಾಕಿಸಿದ್ದೇವೆ, ಚಮಚ ಬಿದ್ದರೆ ಅಡುಗೆಮನೆಗೆ ಕೇಳುತ್ತದೆ, ಅವತ್ತು ಸಪ್ಪಳವೇ ಆಗಲಿಲ್ಲವಲ್ಲ, ಆಗಿದ್ದರೆ ಬತ್ತಿಯಿಂದ ಅಲ್ಲಿಗೇ ತಿರುಗುತ್ತಿದ್ದೆ, ಮಣೆಯ ಮೇಲೂ ಬೀಳಲಿಲ್ಲ, ಎಲ್ಲಿಂದ ಎತ್ತಿಕೊಂಡೆ, ಬಲಗೈ ಎಲ್ಲಿಗೆ ಹೋಯಿತು, ಬಲಗೈ ಎಲ್ಲಿಗೂ ಹೋಗಲಿಲ್ಲ, ಇಲ್ಲಿಗೇ, ಉಡಿಗೆ, ಎರಡು ಮಂಡಿಯ ನಡುವೆ ಮಡಿ ಸೀರೆ ಜೋಲಿಯಂತೆ ಜಗ್ಗಿಕೊಂಡಿತ್ತು, ಅದರ ನಟ್ಟನಡುವೆ ಅವನು, ಭಸ್ಮವೂ ಅಳಿಸಿರಲಿಲ್ಲ, ಬಿಲ್ವದ ಎಲೆ ಪಕ್ಕಕ್ಕೆ ಸರಿದು ಅವನಿಗೆ ಒರಗಿಕೊಂಡಿತ್ತು, ನೋಡಿದ್ದೆ, ಗಬಕ್ಕನೆ ಎತ್ತುವ ಮೊದಲು ನೋಡಿದ್ದೆ, ಭಯ ಎಷ್ಟು ದೊಡ್ಡದಾಗಿತ್ತೆಂದರೆ ನೋಡಿದ್ದು ಇಷ್ಟು ತಿಂಗಳು ಅದರ ಕೆಳಗೆ ಬಿದ್ದಿತ್ತು. ಕಂಕುಳಿನ ಕೂಸು ತೂಕಡಿಸಿ ತೊಡೆಗೆ ಜಾರಿದರೆ ಯಾವ ತಾಯಿ ಕೂಸು ಬಿತ್ತು ಎಂದು ಅನ್ನ ಬಿಡುತ್ತಾಳೆ, ಹಾಲೇಶ ಹೊಟ್ಟೆಯಲ್ಲಿದ್ದಾಗ ಅವ್ವ ಇದೇ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಹಾಕಿ, ತುಂಬಿದ ಉಡಿ ತುಂಬಿದಂಗ ಇರ್ಲಿ, ಎಂದಿದ್ದಳು, ಹೊಲದಲ್ಲಿ ದಸ್ತಗಿರಮ್ಮ ಇಂಥದೇ ಉಡಿ ಕಟ್ಟಿಕೊಂಡು ಸಾಲು ಹಿಡಿದು ನಡೆಯುತ್ತಾಳೆ, ಎರಡೂ ಕೈಯಲ್ಲಿ ಬಿಡಿಸಿ ಬಿಡಿಸಿ ಒಳಗೆ ಹಾಕುತ್ತಾಳೆ, ನೋಡದೆಯೇ ಹಾಕುತ್ತಾಳೆ, ಸಾಲು ಮುಗಿದ ಮೇಲೆ ಹಿಂದೆ ಹೋಗಿ ಹುಡುಕಿದರೂ ಒಂದು ತೊಳೆ ಹತ್ತಿ ನೆಲದಲ್ಲಿ ಸಿಗುವುದಿಲ್ಲ, ಕೈಗೆ ಆಗದ್ದನ್ನು ಉಡಿ ಹಿಡಿದುಕೊಂಡಿತ್ತು, ಅಷ್ಟೇ ಆದದ್ದು, ಅಯ್ಯನವರಿಗೆ ಅಂದೇ ಗೊತ್ತಿತ್ತೋ ಏನೋ, ಹಾಲಹರವಿಯ ಬೀಗರಾಕಿ ಯಾರೆಂದೂ ಗೊತ್ತಿತ್ತೋ ಏನೋ. ಅವನು ಜಾರದಿದ್ದರೆ ಅವಳು ಡಾಕ್ಟರ ಹತ್ತಿರ ಹೋಗುತ್ತಿದ್ದಳೇ, ಬೆರಳು ಜುಮ್ಮೆನ್ನುವುದನ್ನು ವಾಯು ಎಂದುಕೊಂಡು ಬೆಳ್ಳುಳ್ಳಿ ಎಣ್ಣೆ ತಿಕ್ಕಿಕೊಂಡು ಇನ್ನೊಂದು ಸುಗ್ಗಿ ನೂಕುತ್ತಿದ್ದಳು, ಎಚ್ಚರಿಸಲು ಅವನಿಗೆ ಬೇರೆ ದಾರಿ ಏನಿತ್ತು, ಬಾಯಿಲ್ಲದವನು, ತಾನೇ ಇಳಿದು ಬರಬೇಕಾಯಿತು, ಶಿವನೇ, ನಿನ್ನನ್ನು ಬೀಳಿಸಿದೆ ಎಂದು ನಾನು ಒಣಗುತ್ತಿದ್ದೆನಲ್ಲ — ಕಣ್ಣ ಅಂಚಿನಿಂದ ನೀರು ಇಳಿದು ಕಿವಿಯ ಹತ್ತಿಗೆ ಹೋಯಿತು, ಒರೆಸುವಂತಿಲ್ಲ, ಕದಲುವಂತಿಲ್ಲ, ಸದ್ದು ಮತ್ತೆ ಶುರುವಾಯಿತು, ಈ ಸಲ ಮೊದಲಿಗಿಂತ ಜೋರು, ಹಲಗೆಯೇ ನಡುಗುವಂತೆ, ಭಯವೂ ಬಂತು, ಹೋಗಿರಲಿಲ್ಲ ಅದು, ತನ್ನ ಜಾಗದಲ್ಲಿ ಬಂದು ಕುಳಿತಿತು, ಕುಳಿತುಕೋ, ಎಲುಬೋ ಗಂಟೋ ನನಗೂ ತಿಳಿಯದು ನಿನಗೂ ತಿಳಿಯದು, ಹೆಬ್ಬೆರಳು ಬಲೂನಿನಿಂದ ತಾನಾಗಿ ಜರುಗಿತು, ಆಕಾಶ ಅಂಟಿಸಿದವರು ಚೆನ್ನಾಗಿರಲಿ, ನಗು ನುಂಗಿಕೊಂಡ ಈ ಹುಡುಗಿಗೆ ಒಳ್ಳೆಯ ಮನೆ ಸಿಗಲಿ, ಇಬ್ಬರೂ ಮಾತಾಡಿಕೊಂಡು ಕೂರುತ್ತಾರೆ ಎಂದವನಿಗೆ ಆಯುಷ್ಯ ಇರಲಿ, ಅಪ್ಪಾ, ಈ ಸಲ ಅವನು ಮುಳುಗಿಲ್ಲ, ಮೇಲೆಯೇ ಇದ್ದಾನೆ, ಗೋಡೆಯ ಆಚೆ, ಹಳದಿ ಸೆರಗಿನಲ್ಲಿ, ಕೋಳಿ ತಿಂದವಳ ಉಡಿಯಲ್ಲಿ, ನಾನು ಇಲ್ಲಿ ಇವರೆಲ್ಲರ ಉಡಿಯಲ್ಲಿ, ಢಕ್ ಢಕ್ ಢಕ್, ಬಡಿ, ಬಡಿಯುವಷ್ಟು ಬಡಿ.

ಆಕಾಶ ಬಂತು, ಸುರುಳಿಯಾದ ಮೂಲೆ ಬಂತು, ಅಮೂಲ್ಯಳ ಮುಖ ತಲೆಕೆಳಗಾಗಿ ಬಂತು, ಒಂದು ಸಲನೂ ಕದಲಲಿಲ್ರಿ ಆಂಟೀ, ಫೋಟೋ ಎಲ್ಲಾ ಕ್ಲಿಯರ್ ಬಂದಾವ, ರಿಪೋರ್ಟ್ ಡಾಕ್ಟರಿಗೆ ನಾಳೆ ಕಳಿಸ್ತೀವಿ, ಅಳ್ತೀರ್ಯಾಕ, ನೋವಾತೇನು. ಇಲ್ಲವ್ವ, ಬ್ಯಾಳಿ ಬೆಂತು. ಎದ್ದು ಕುಳಿತರೆ ಕೋಣೆ ತಿರುಗಿತು, ನಿಂತಿತು, ಹುಡುಗಿಯ ಭುಜ ಹಿಡಿದು ಹೊರಗೆ ಬಂದಳು, ಕುರ್ಚಿಗಳಲ್ಲಿ ಮುಂದಿನ ಸರದಿಯವರು ಕುಳಿತಿದ್ದರು, ದಸ್ತಗಿರಮ್ಮ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು, ಉಡಿ ಹರಡಿ, ಎರಡು ಕೈಯನ್ನೂ ಗಾಳಿಗೆ ದೀಪ ಕಾಯುವವರಂತೆ ಆಚೆ ಈಚೆ ಹಿಡಿದು, ಮುಟ್ಟದೆ, ಎದುರಿಗೆ ಗುರುಪಾದಯ್ಯ ತಾಳಿ ಬಳೆಯ ಕರವಸ್ತ್ರ ಹಿಡಿದು ಶಾಲೆಯ ಹುಡುಗನಂತೆ ನಿಂತಿದ್ದ, ನೀ ಒಳಗ ಹೋದ ಹಿಂದೇನ ಬಂದೀನಿ, ಕೊಡವ್ವ ನನ್ನ ಕೈಯಾಗ ಅಂದೆ, ಕೊಡಲೇ ಇಲ್ಲ ನೋಡು ಈಕಿ. ಅಮ್ಮಾರು ಇಟ್ಟಾರ, ಅಮ್ಮಾರೇ ತಗೋಬೇಕು, ನಡುವ ನೀವ್ಯಾರ್ರಿ, ಎಂದಳು ದಸ್ತಗಿರಮ್ಮ ಧಣಿಯ ಕಡೆ ನೋಡದೆ, ಕಣ್ಣು ಉಡಿಯಿಂದ ಕೀಳದೆ, ಕದಲಿದ್ರ ಉರುಳ್ತಾನಂತ ಹಂಗ ಕುಂತೀನ್ರಿ, ಕಾಲು ಎರಡೂ ಜೋಮು ಹಿಡದಾವ, ನನ್ನವೋ ಬ್ಯಾರೆಯವರವೋ ತಿಳಿವಲ್ದು, ಬಾತ್‌ರೂಮಿಗೂ ಹೋಗಿಲ್ಲ, ಜಲ್ದಿ ತಗೋರಿ. ಇವಳೂ ಕದಲಲಿಲ್ಲ, ಗೋಡೆಯ ಈಚೆ ಇವಳೂ — ಕೊಟ್ರಮ್ಮ ಎದುರಿಗೆ ನೆಲದ ಮೇಲೆ ಕುಳಿತಳು, ಎಡಗೈ ಚಾಚಿ ಅದರ ಕೆಳಗೆ ಬಲಗೈ ಒತ್ತು ಕೊಟ್ಟಳು, ಕೈ ಅಷ್ಟು ಹತ್ತಿರ ಹೋಗಿ ಅಲ್ಲೇ ನಿಂತಿತು, ತಗೋರಿ ಅಮ್ಮಾರೆ, ತಗೊಂತೀನಿ ಇರು, ನಾಳೆ ಏನು ಬರುತ್ತದೋ ಬರಲಿ, ಈಗ ಸ್ವಲ್ಪ ಇರು, ಅವತ್ತು ಹೆದರಿ ಗಬಕ್ಕನೆ ಎತ್ತಿಕೊಂಡೆ, ಇವತ್ತು ಕಣ್ತುಂಬ ನೋಡುತ್ತೇನೆ, ಹಳದಿ ಸೆರಗು, ನಡುವೆ ಬಿಳಿ ಗಂಟು, ಮುಟ್ಟದೆ ಕಾಯುವ ಎರಡು ಕೈ, ಹಳದಿ ಸೆರಗು, ಬಿಳಿ ಗಂಟು, ಉಡಿಯಲ್ಲಿ ಅವನು.